ಟ್ವೀಟಿನ ಸಿಟ್ಟು, ಟವೆಲ್ಲಿನ ಮರೆಯ ವ್ಯಾಪಾರ

ಒಂದು ದೇಶಕ್ಕೆ ಇನ್ನೊಂದು ದೇಶದ ಮೇಲೆ ಅಸಮಾಧಾನವಾದರೆ ಹಿಂದೆ ರಾಯಭಾರಿಯನ್ನು ಕರೆಸಿ ಪತ್ರ ಕೊಡುತ್ತಿದ್ದರು. ಈಗ ಮೊಬೈಲಲ್ಲಿ ನಾಲ್ಕು ಸಾಲು ಬರೆದರೆ ಮುಗೀತು. ನಮಗಾಗಿ ಯಾರೋ ಬರೆದರು ಅಂತ ನಾವು ಖುಷಿಪಡುತ್ತೇವೆ. ಅದರಿಂದ ನಮ್ಮ ಮಕ್ಕಳಿಗೆ ಸಿಕ್ಕಿದ್ದೇನು ಎಂದು ಲೆಕ್ಕ ಹಾಕಿದ್ದೇವೆಯೇ?

2022ರ ಫೆಬ್ರವರಿ ನೆನಪಿಸಿಕೊಳ್ಳೋಣ. ಉಡುಪಿಯಲ್ಲಿ ಶುರುವಾದ ಹಿಜಾಬ್ ವಿವಾದ ಹೈಕೋರ್ಟಿನಲ್ಲಿತ್ತು. ಶಾಲೆಗಳಲ್ಲಿ ಹಿಜಾಬ್ ನಿಷೇಧಿಸುವುದು ಧಾರ್ಮಿಕ ಸ್ವಾತಂತ್ರ್ಯದ ಉಲ್ಲಂಘನೆ ಎಂದು ಅಮೆರಿಕದ ಧಾರ್ಮಿಕ ಸ್ವಾತಂತ್ರ್ಯ ವಿಭಾಗದ ರಾಯಭಾರಿ ರಶಾದ್ ಹುಸೇನ್ ಕರ್ನಾಟಕದ ಹೆಸರು ಹೇಳಿಯೇ ಟ್ವೀಟ್ ಮಾಡಿದರು. ವಿಷಯ ನ್ಯಾಯಾಲಯದಲ್ಲಿದೆ, ನಮ್ಮ ಆಂತರಿಕ ವಿಚಾರದಲ್ಲಿ ದುರುದ್ದೇಶದ ಮಾತು ಬೇಡ ಎಂದು ಫೆ.12ರಂದು ನಮ್ಮ ವಿದೇಶಾಂಗ ಇಲಾಖೆ ತಿರುಗೇಟು ಕೊಟ್ಟಿತು.

ಸ್ವಾರಸ್ಯ ಏನೆಂದರೆ, ಫೆ.11ರಂದು ಮೆಲ್ಬರ್ನ್‌ನ ಕ್ವಾಡ್ ಸಭೆಯಲ್ಲಿ ಜೈಶಂಕರ್ ಮತ್ತು ಬ್ಲಿಂಕೆನ್ ಒಟ್ಟಿಗೇ ಕೂತಿದ್ದರು. ನಮ್ಮ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ನೋಡಿದವರಿಗೆ ಇದು ಅರ್ಥವಾಗುತ್ತದೆ. ಬಾಯಲ್ಲಿ ಎಷ್ಟೇ ಕೂಗಾಡಲಿ, ಬೆಲೆ ಕುದುರುವುದು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದಾಗಲೇ. ಟ್ವೀಟ್ ಅಂದರೆ ಆ ಕೂಗು. ಎರಡೂ ಕಡೆಯವರು ತಂತಮ್ಮ ಜನರಿಗೆ ಕೇಳಿಸಲೆಂದೇ ಕೂಗಿದರು.

ಅದೇ ವರ್ಷದ ಜೂನ್ 5ನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಪ್ರವಾದಿಯವರ ಬಗ್ಗೆ ನೂಪುರ್ ಶರ್ಮಾ ಆಡಿದ ಮಾತಿಗಾಗಿ ಕತಾರ್, ಕುವೈತ್, ಇರಾನ್ ಭಾರತದ ರಾಯಭಾರಿಗಳನ್ನು ಕರೆಸಿದವು. ಆಗ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ದೋಹಾದಲ್ಲೇ ಇದ್ದರು. ಅದೇ ದಿನ ಬಿಜೆಪಿ ಆಕೆಯನ್ನು ಅಮಾನತು ಮಾಡಿತು. ಗ್ಯಾಸ್, ತೈಲ, ಅಲ್ಲಿ ದುಡಿಯುವ ಲಕ್ಷಾಂತರ ಭಾರತೀಯರು ಎಲ್ಲವೂ ಆ ತಕ್ಕಡಿಯಲ್ಲಿತ್ತು. ತೂಕ ಇರುವ ಕಡೆ ಕೆಲಸ ಆಗುತ್ತದೆ, ಅಷ್ಟೇ.

ಹಿಜಾಬ್ ವಿಷಯದಲ್ಲಿ? ಮಾರ್ಚ್ 15ರಂದು ಹೈಕೋರ್ಟ್ ಸರ್ಕಾರದ ಆದೇಶ ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಹುಡುಗಿಯರ ಪರವಾಗಿ ನಿಂತ ನ್ಯಾಯಮೂರ್ತಿ ಸುಧಾಂಶು ಧುಲಿಯಾ ಆಧಾರ ಮಾಡಿಕೊಂಡದ್ದು ನಮ್ಮ ಸಂವಿಧಾನವನ್ನು, ವಾಷಿಂಗ್ಟನ್‌ನ ಟ್ವೀಟನ್ನಲ್ಲ. ಟ್ವೀಟಿನಿಂದ ಆದದ್ದು ಬೇರೆ: ತರಗತಿಯ ಬಾಗಿಲಲ್ಲಿ ನಿಂತ ಹುಡುಗಿಯ ಪ್ರಶ್ನೆಯನ್ನು 'ವಿದೇಶಿ ಹಸ್ತಕ್ಷೇಪ' ಎಂದು ತಳ್ಳಿಹಾಕುವವರಿಗೆ ಒಂದು ನೆಪ ಸಿಕ್ಕಿತು.

ಹಾಗಂತ ಹೊರಗಿನವರು ಸುಮ್ಮನಿರಲಿ ಎಂದಲ್ಲ. ಅನ್ಯಾಯವನ್ನು ಅನ್ಯಾಯ ಎನ್ನುವ ಹಕ್ಕು ಎಲ್ಲರಿಗೂ ಇದೆ. ಆದರೆ ಅಂಥ ಪೋಸ್ಟನ್ನು ಫಾರ್ವರ್ಡ್ ಮಾಡಿದಲ್ಲಿಗೆ ನಮ್ಮ ಜವಾಬ್ದಾರಿ ಮುಗಿಯುವುದಿಲ್ಲ. ಕಾಲೇಜು ಬಿಟ್ಟ ಹುಡುಗಿ ನಮ್ಮ ಜಮಾಅತಿನಲ್ಲಿ ಇದ್ದಾಳೆಯೇ? ಅವಳ ಪರೀಕ್ಷೆ, ಫೀಸು, ಮುಂದಿನ ಓದು ಏನಾಯ್ತು? ಇದನ್ನು ಕೇಳಬೇಕಾದವರು ನಾವೇ. ಯಾವ ರಾಯಭಾರಿಯೂ ಬಂದು ಕೇಳುವುದಿಲ್ಲ.