ಕುತ್ತಿಗೆ ಆಟಗಾರನದು, ಅಪ್ಪಣೆ ಮಾಲಿಕನದು

ಆಟದ ಸುದ್ದಿಗೂ ಕಾರ್ಮಿಕರ ಪತ್ರಿಕೆಗೂ ಏನು ನಂಟು ಎಂದು ಓದುಗ ಬಂಧುಗಳು ಕೇಳಬಹುದು. ನಂಟಿದೆ. ನೋಡುವವರಿಗೆ ಆಟವು ರಜೆಯ ದಿನದ ಸಂತೋಷ. ಪಗಾರಕ್ಕೆ ಆಡುವವನಿಗೆ ಅದು ದುಡಿಮೆ. ದುಡಿಮೆಯಿದ್ದಲ್ಲಿ ಮಾಲಿಕನಿದ್ದಾನೆ, ಕರಾರು ಇದೆ, ಗಾಯವಿದೆ, ಜಗಳವೂ ಇದೆ. ಅಂತಹ ಒಂದು ಜಗಳದಲ್ಲಿ ಅಮೇರಿಕದ ಬಫಲೋ ಎಂಬ ಊರಿನ ಪ್ರೇಕ್ಷಕರು ನಡೆದುಕೊಂಡ ರೀತಿಯನ್ನು ಕುರಿತು ನಮಗೆ ಎರಡು ಮಾತು ಹೇಳುವುದಿದೆ.

ಇದು ನಮ್ಮ ಕೊಡಗಿನವರು ಮೈದಾನದಲ್ಲಿ ಆಡುವ ಹಾಕಿಯಲ್ಲ. ಕಾಲಿಗೆ ಉಕ್ಕಿನ ಅಲಗು ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿ. ಅಮೇರಿಕ ಮತ್ತು ಕೆನಡಾ ದೇಶಗಳ ದೊಡ್ಡ ತಂಡಗಳೆಲ್ಲ ನ್ಯಾಷನಲ್ ಹಾಕಿ ಲೀಗ್ ಎಂಬ ಒಂದೇ ಕೂಟಕ್ಕೆ ಸೇರಿವೆ. ಅಲ್ಲಿ ಹೆಸರು ಮಾಡಿದ ಹುಡುಗನು ತನಗೆ ಬೇಕಾದ ತಂಡವನ್ನು ಆರಿಸಿಕೊಳ್ಳುವಂತಿಲ್ಲ. ವರ್ಷಕ್ಕೊಮ್ಮೆ ತಂಡಗಳೇ ಸರದಿಯಂತೆ ಹುಡುಗರನ್ನು ಆರಿಸಿಕೊಳ್ಳುತ್ತವೆ. ಆಮೇಲೆ ತಂಡಕ್ಕೆ ಬೇಕೆನಿಸಿದಾಗ ಅವನನ್ನು ಇನ್ನೊಂದು ತಂಡಕ್ಕೆ ಕೊಟ್ಟು, ಬದಲಿಗೆ ಬೇರೆ ಆಟಗಾರರನ್ನು ತೆಗೆದುಕೊಳ್ಳಬಹುದು. ಇದಕ್ಕೆ ಟ್ರೇಡ್ ಎನ್ನುತ್ತಾರೆ, ಅಂದರೆ ವ್ಯಾಪಾರ. ಕರಾರಿನಲ್ಲಿ ಮೊದಲೇ ತಡೆ ಬರೆಸಿಕೊಂಡಿರದಿದ್ದರೆ ಆಟಗಾರನ ಒಪ್ಪಿಗೆಯನ್ನು ಯಾರೂ ಕೇಳಬೇಕಾಗಿಲ್ಲ. ಆಟಗಾರನಾದರೋ ಅವಧಿ ಮುಗಿಯುವ ಮೊದಲು ರಾಜೀನಾಮೆ ಬಿಸಾಡಿ ಕೂಟದ ಇನ್ನೊಂದು ತಂಡ ಸೇರುವಂತಿಲ್ಲ. ತನ್ನನ್ನು ಬೇರೆ ಕಡೆಗೆ ಕಳುಹಿಸಿರೆಂದು ಕೇಳಿಕೊಳ್ಳಬಹುದು, ಅಷ್ಟೇ.

ಬಫಲೋ ಸೇಬರ್ಸ್ ತಂಡವು 2015ರಲ್ಲಿ ಜ್ಯಾಕ್ ಐಕೆಲ್ ಎಂಬ ಯುವಕನನ್ನು ಹೀಗೆಯೇ ಆರಿಸಿತು. 2017ರಲ್ಲಿ ಅವನೊಡನೆ 8 ವರ್ಷಕ್ಕೆ 8 ಕೋಟಿ ಡಾಲರಿನ ಕರಾರಾಯಿತು. 2018ರಲ್ಲಿ ಅವನು ತಂಡದ ನಾಯಕನಾದ. 2021ರ ಮಾರ್ಚಿನಲ್ಲಿ ಆಡುವಾಗ ಪೆಟ್ಟು ಬಿದ್ದು ಅವನ ಕುತ್ತಿಗೆಯ ಎಲುಬುಗಳ ನಡುವಿನ ಮೆತ್ತೆ ಜಾರಿತು. ಕೆಲವು ತಿಂಗಳು ವಿಶ್ರಾಂತಿ, ವ್ಯಾಯಾಮಗಳಿಂದ ಗುಣವಾಗಲಿಲ್ಲ. ಶಸ್ತ್ರಚಿಕಿತ್ಸೆಯ ಮಾತು ಬಂತು. ಎರಡು ಎಲುಬುಗಳನ್ನು ಬೆಸೆದುಬಿಡಬೇಕೆಂಬುದು ತಂಡದ ವೈದ್ಯರ ಮತ. ಬೆಸೆದರೆ ಆ ಜಾಗದಲ್ಲಿ ಕುತ್ತಿಗೆ ಮಣಿಯುವುದಿಲ್ಲ, ಭಾರವೆಲ್ಲ ಮೇಲಿನ ಕೆಳಗಿನ ಎಲುಬುಗಳ ಮೇಲೆ ಬೀಳುತ್ತದೆ, ಮುಂದೆ ಮತ್ತೆ ಕತ್ತಿ ಹಾಕಬೇಕಾದೀತು. ಆದುದರಿಂದ ಕೃತಕ ಮೆತ್ತೆಯನ್ನೇ ಕೂರಿಸಬೇಕೆಂಬುದು ಐಕೆಲನ ಆಸೆ. ಆ ಕೂಟದ ಯಾವ ಆಟಗಾರನಿಗೂ ಅಂತಹ ಚಿಕಿತ್ಸೆ ಅದುವರೆಗೆ ಆಗಿರಲಿಲ್ಲವಾಗಿ ತಂಡವು ಒಪ್ಪಲಿಲ್ಲ. ಆಗಿನ ಸಾಮೂಹಿಕ ಒಪ್ಪಂದದ ಪ್ರಕಾರ ಕೊನೆಯ ಮಾತು ತಂಡದ್ದು.

24 ವರ್ಷದ ಮನುಷ್ಯನಿಗೆ ತನ್ನ ಕುತ್ತಿಗೆಯ ಮೇಲೆ ಅಧಿಕಾರವಿಲ್ಲವಾಯಿತು. ಉಳಿದಿದ್ದ ದಾರಿ ಒಂದೇ, ತಂಡ ಬದಲಾಯಿಸಿಕೊಡಿರೆಂದು ಕೇಳುವುದು. ಅವನು ಅದನ್ನೇ ಕೇಳಿದ. ಸೆಪ್ಟೆಂಬರಿನಲ್ಲಿ ಅವನ ನಾಯಕತನವನ್ನು ಕಿತ್ತುಕೊಂಡರು. 2021ರ ನವೆಂಬರ್ 4ರಂದು ಅವನನ್ನು ವೇಗಸ್ ಗೋಲ್ಡನ್ ನೈಟ್ಸ್ ತಂಡಕ್ಕೆ ಕೊಟ್ಟರು. ಹೊಸ ತಂಡ ಅವನ ಇಷ್ಟದ ಚಿಕಿತ್ಸೆಗೆ ಒಪ್ಪಿತು. ಮುಂದಿನ ಫೆಬ್ರವರಿಯಲ್ಲಿ ಅವನು ಮತ್ತೆ ಆಟಕ್ಕಿಳಿದ.

2022ರ ಮಾರ್ಚ್ 10ರಂದು ಅವನು ಎದುರಾಳಿಯಾಗಿ ಬಫಲೋ ಊರಿಗೆ ಬಂದ. ಅವನ ಕೋಲಿಗೆ ಆಟದ ಬಿಲ್ಲೆ ತಾಗಿದಾಗಲೆಲ್ಲ ಪ್ರೇಕ್ಷಕರು ಕೂಗಿ ಹೀಯಾಳಿಸಿದರು.

ಆ ಪ್ರೇಕ್ಷಕರು ಕೆಟ್ಟವರೆಂದು ನಾವು ಹೇಳುವುದಿಲ್ಲ. ಅವರಲ್ಲಿ ಎಷ್ಟೋ ಜನ ನಮ್ಮಂತೆಯೇ ದುಡಿದು ತಿನ್ನುವವರು. ತಂಡ ಸೋತು ಕೊನೆಯ ಸ್ಥಾನಕ್ಕೆ ಬಿದ್ದರೆ ಒಳ್ಳೆಯ ಹುಡುಗನನ್ನು ಆರಿಸುವ ಸರದಿ ಬೇಗ ಬರುತ್ತದೆಂದು, 2015ರಲ್ಲಿ ತಮ್ಮ ಊರಿನ ಅಂಗಳದಲ್ಲೇ ಎದುರಾಳಿ ಗೆಲುವಿನ ಗೋಲು ಹೊಡೆದಾಗ ಚಪ್ಪಾಳೆ ತಟ್ಟಿದ ಜನ ಅವರು. ಅಷ್ಟು ಆಸೆಯಿಟ್ಟು ಪಡೆದ ಹುಡುಗ ಹೊರಟು ನಿಂತರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಗಂಟಿನ ಹಣ ಬಿಚ್ಚಿ ಟಿಕೇಟು ಕೊಂಡವನಿಗೆ ಬೇಸರಪಡುವ ಹಕ್ಕಿದೆ. ಶಸ್ತ್ರಚಿಕಿತ್ಸೆಯ ಮಟ್ಟಿಗೆ ಐಕೆಲನ ಪಕ್ಷ ಹಿಡಿದವರೂ ಆ ಊರಲ್ಲಿ ಇದ್ದರು.

ಆದರೆ ಬೇಸರ ಬೇರೆ, ದ್ರೋಹಿಯೆಂಬ ಹಣೆಪಟ್ಟಿ ಬೇರೆ. ಇದೇ ತಂಡವು 2018ರಲ್ಲಿ ರಯನ್ ಓ'ರೈಲಿ ಎಂಬ ಒಳ್ಳೆಯ ಆಟಗಾರನನ್ನು ಸೇಂಟ್ ಲೂಯಿಸ್ ತಂಡಕ್ಕೆ ಕೊಟ್ಟುಬಿಟ್ಟಿತು. 2020ರ ಜೂನಿನಲ್ಲಿ ವ್ಯವಸ್ಥಾಪಕನನ್ನೂ ಸೇರಿಸಿ 22 ಮಂದಿ ನೌಕರರನ್ನು ಒಂದೇ ದಿನ ಮನೆಗೆ ಕಳುಹಿಸಿತು. ಅದನ್ನು ಆಡಳಿತದ ತೀರ್ಮಾನವೆಂದರು. ಮಾಲಿಕನು ಆಳನ್ನು ಬಿಟ್ಟರೆ ವ್ಯವಹಾರ, ಆಳು ಮಾಲಿಕನನ್ನು ಬಿಟ್ಟರೆ ದ್ರೋಹ! ಬಫಲೋ ಜನರಿಗೆ ಇದರ ಅನುಭವ ನಮಗಿಂತ ಹೆಚ್ಚು. ಊರಿಗೆ ತಾಗಿಕೊಂಡಿರುವ ಲ್ಯಾಕವಾನದಲ್ಲಿ ಬೆತ್ಲಹೆಮ್ ಸ್ಟೀಲ್ ಕಂಪೆನಿಯು 1983ರಲ್ಲಿ ಉಕ್ಕು ಕರಗಿಸುವುದನ್ನು ನಿಲ್ಲಿಸಿದಾಗ ಸಾವಿರಾರು ಸಂಸಾರಗಳು ಬೀದಿಗೆ ಬಂದವು. ಕಂಪೆನಿಯು ಊರಿಗೆ ನಿಷ್ಠೆಯಿಂದಿರಬೇಕೆಂದು ಯಾವ ಕರಾರಿನಲ್ಲೂ ಬರೆದಿರಲಿಲ್ಲ.

ಹೋಟೆಲುಗಳಲ್ಲಿ ದುಡಿದು ಬಂದ ನಮಗೆ ಈ ಮಾತಿನ ರುಚಿ ಗೊತ್ತು. ಸೊಂಟ ಹಿಡಿದುಕೊಂಡಿದೆ, ಇನ್ನು ಈ ಒಲೆಯ ಮುಂದೆ ನಿಲ್ಲಲಾರೆ, ಬೇರೆ ಕಡೆ ಕೆಲಸ ನೋಡಿಕೊಳ್ಳುತ್ತೇನೆ ಎಂದ ಅಡುಗೆಯವನಿಗೆ ಉಂಡ ಮನೆಗೆ ಎರಡು ಬಗೆಯುವವನು ಎಂಬ ಬಿರುದು ಸಿಗುತ್ತದೆ. ಧಣಿ ಹಾಗೆ ಅಂದರೆ ಆಶ್ಚರ್ಯವಿಲ್ಲ. ಒಂದೇ ಪಂಕ್ತಿಯಲ್ಲಿ ಕುಳಿತು ಉಂಡ ಮಾಣಿ, ಸಪ್ಲಾಯರುಗಳೇ ಹಾಗೆ ಅನ್ನುತ್ತಾರಲ್ಲ, ಅದೇ ದುಃಖ. ಆ ಉಣ್ಣುವ ಅನ್ನ ಅವನೇ ಬೇಯಿಸಿದ್ದೆಂಬುದು ಆಗ ಯಾರಿಗೂ ನೆನಪಾಗುವುದಿಲ್ಲ.

ವರ್ಷಕ್ಕೆ 1 ಕೋಟಿ ಡಾಲರು ಎಣಿಸಿಕೊಳ್ಳುವವನನ್ನು ನಮ್ಮ ಅಡುಗೆಯವನ ಪಕ್ಕದಲ್ಲಿ ಕೂರಿಸುತ್ತೀರಾ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಸಂಬಳದಲ್ಲಿ ಅವರಿಬ್ಬರೂ ಒಂದಲ್ಲ. ಅವನ ಒಂದು ದಿನದ ಗಳಿಕೆ ನಮ್ಮವರ ಎಷ್ಟೋ ವರ್ಷಗಳ ಗಳಿಕೆಗೆ ಮಿಗಿಲು. ಆದರೆ ಸಂಬಳ ಕೊಟ್ಟವನು ದುಡಿಮೆಯನ್ನು ಕೊಳ್ಳುತ್ತಾನೆಯೇ ಹೊರತು ಕುತ್ತಿಗೆಯನ್ನಲ್ಲ. ಹೆಚ್ಚು ಕೊಟ್ಟರೆ ಮೈಮೇಲೂ ಹಕ್ಕು ಬರುತ್ತದೆಂದು ಒಪ್ಪಿಕೊಂಡರೆ, ಕಡಿಮೆ ಕೊಟ್ಟವನೂ ನಾಳೆ ಅದೇ ಹಕ್ಕನ್ನು ಕೇಳುತ್ತಾನೆ.

ಸಂಬಳದ ಅಂಕಿ ತೋರಿಸಿ ಬಾಯಿ ಮುಚ್ಚಿಸುವ ಉಪಾಯ ಹಳೆಯದು. ಇದೇ ಕೂಟದಲ್ಲಿ 1957ರ ಫೆಬ್ರವರಿಯಲ್ಲಿ ಡೆಟ್ರಾಯಿಟ್ ತಂಡದ ಟೆಡ್ ಲಿಂಡ್ಸೆ ಎಂಬಾತ ಆಟಗಾರರ ಸಂಘವನ್ನು ಕಟ್ಟಿದ. ಪಿಂಚಣಿ ನಿಧಿಯ ಲೆಕ್ಕ ತೋರಿಸಿರೆಂದು ಕೇಳಿದ. ಆ ವರ್ಷ ಅವನ ಆಟ ಅತ್ಯುತ್ತಮವಾಗಿತ್ತು. ಆದರೂ ಜುಲೈ ತಿಂಗಳಲ್ಲಿ ಅವನನ್ನು ಶಿಕಾಗೋ ತಂಡಕ್ಕೆ ಎತ್ತಿ ಹಾಕಿದರು. ಶಿಕಾಗೋ ಆಗ ಸೋಲುವ ತಂಡ. ತಂಡದವರು ಅವನ ಸಂಬಳವನ್ನು ಉಬ್ಬಿಸಿ ಪತ್ರಿಕೆಗಳಿಗೆ ತಿಳಿಸಿ, ಇಷ್ಟು ಪಡೆಯುವವನಿಗೆ ಸಂಘವೇಕೆಂದು ಜನ ಕೇಳುವಂತೆ ಮಾಡಿದರು. 1958ರಲ್ಲಿ ಆ ಸಂಘ ಮುರಿದು ಬಿತ್ತು. ಗಟ್ಟಿಯಾದ ಸಂಘ ಮತ್ತೆ ಹುಟ್ಟಿದ್ದು 1967ರಲ್ಲಿ. ಅಂದು ಟ್ರೇಡ್ ಎಂಬುದು ಬಾಯಿ ಬಿಟ್ಟವನಿಗೆ ಕೊಡುವ ಶಿಕ್ಷೆಯಾಗಿತ್ತು. ಅದೇ ಟ್ರೇಡನ್ನು ಇಂದು ಆಟಗಾರನು ತಾನಾಗಿ ಕೇಳಿದರೆ ಮಹಾಪರಾಧವೆನ್ನುವುದು ಯಾವ ನ್ಯಾಯ?

ಐಕೆಲನ ಕಥೆ ಸುಖವಾಗಿ ಮುಗಿಯಿತು. 2023ರ ಜೂನಿನಲ್ಲಿ ವೇಗಸ್ ತಂಡವು ಸ್ಟ್ಯಾನ್ಲಿ ಕಪ್ ಗೆದ್ದಿತು. ಆ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚಾಗಿ 26 ಅಂಕ ಗಳಿಸಿದವನು ಅವನೇ. ಆದರೆ ಅವನು ಗೆದ್ದದ್ದರಿಂದ ಅವನ ಬೇಡಿಕೆ ನ್ಯಾಯವಾಯಿತೆಂದು ನಾವು ಹೇಳುವುದಿಲ್ಲ. ಚಿಕಿತ್ಸೆ ಕೆಟ್ಟು ಅವನು ಆಟವನ್ನೇ ಬಿಡಬೇಕಾಗಿ ಬಂದಿದ್ದರೂ ಕುತ್ತಿಗೆ ಅವನದೇ ಆಗಿರುತ್ತಿತ್ತು.

ಸಂಘದ ಕೆಲಸ ಮಾಡುವವರು ಇಲ್ಲಿ ಇನ್ನೊಂದನ್ನು ಗಮನಿಸಬೇಕು. ತಂಡಕ್ಕೆ ಕೊನೆಯ ಮಾತಿನ ಅಧಿಕಾರ ಕೊಟ್ಟ ಒಪ್ಪಂದಕ್ಕೆ ಆಟಗಾರರ ಸಂಘದ ಸಹಿಯೂ ಇತ್ತು. ಮೇಜಿನ ಮುಂದೆ ಕುಳಿತಾಗ ಸಂಬಳದ ಕಲಮಿನ ಮೇಲೆ ಎಲ್ಲರ ಕಣ್ಣು. ವೈದ್ಯನ ಕಲಮು ಯಾರಿಗೂ ದೊಡ್ಡದೆನಿಸುವುದಿಲ್ಲ. ಅದು ಒಂದು ದಿನ ಒಬ್ಬನ ಕುತ್ತಿಗೆಯ ಮೇಲೆ ಬಂದು ಬೀಳುತ್ತದೆ. ಐಕೆಲ್ ಹೆಸರಾಂತ ಆಟಗಾರ, ಅವನನ್ನು ಕೊಳ್ಳಲು ಬೇರೆ ತಂಡವಿತ್ತು. ಬೆಂಚಿನ ತುದಿಯಲ್ಲಿ ಕೂರುವ ಸಾಮಾನ್ಯ ಆಟಗಾರನು ಇದನ್ನೇ ಕೇಳಿದ್ದರೆ ಅವನ ಗತಿ ಏನಾಗುತ್ತಿತ್ತು? ಒಬ್ಬನು ಬಾಗಿಲು ತೆರೆಸಿಕೊಂಡು ಹೊರಗೆ ಹೋದುದರಿಂದ ಒಳಗಿದ್ದವರ ಕಲಮು ಬದಲಾಗಲಿಲ್ಲ. ಅದನ್ನು ಬದಲಾಯಿಸುವುದು ಸಂಘದ ಕೆಲಸ.

ಆದುದರಿಂದ ನಮ್ಮ ಬಂಧುಗಳಲ್ಲಿ ನಮ್ಮ ವಿನಂತಿ ಇದು. ನಿಮ್ಮ ಪ್ರೀತಿಯ ಆಟಗಾರ ಇನ್ನೊಂದು ತಂಡಕ್ಕೆ ಹೊರಟನೆಂದು ಕೇಳಿದಾಗ ಬೇಕಾದಷ್ಟು ಬೇಸರಪಡಿರಿ. ಬೈಯುವ ಮೊದಲು ಅವನು ಏಕೆ ಹೊರಟನೆಂದು ಕೇಳಿರಿ. ಪಕ್ಕದ ಒಲೆಯವನು ಕೆಲಸ ಬಿಟ್ಟಾಗಲೂ ಹಾಗೆಯೇ ಕೇಳಿರಿ. ಮುಂದಿನ ಸಲ ಒಪ್ಪಂದದ ಕಾಗದ ಕೈಗೆ ಬಂದಾಗ ಪಗಾರದ ಸಾಲನ್ನು ಓದಿ ಮಡಿಸಿಡಬೇಡಿರಿ. ಗಾಯವಾದರೆ ಯಾವ ವೈದ್ಯ, ಯಾರ ಖರ್ಚು, ಯಾರ ತೀರ್ಮಾನ ಎಂಬ ಸಾಲು ಎಲ್ಲಿದೆಯೆಂದು ಹುಡುಕಿರಿ. ಇಲ್ಲದಿದ್ದರೆ ಬರೆಸಿರಿ.