ಉದ್ರಿ ಪುಸ್ತಕದಲ್ಲಿಲ್ಲದ ಲೆಕ್ಕ

ಕೇಂದ್ರ ಆರೋಗ್ಯ ಸಚಿವರಿಗೆ,



ಎಂ.ಕೆ. ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. ಮಲಪ್ರಭೆ ಹೊಳೆಯಲ್ಲಿ ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಮಂಟಪವಿರುವ ಊರು. ಒಂದು ಮಗ್ಗುಲಿಗೆ ಪುಣೆ–ಬೆಂಗಳೂರು ಹೆದ್ದಾರಿ, ಸುತ್ತ ಕಬ್ಬು. ಕಬ್ಬಿಗೆ ಕಸ ಸಾಯುವ ಎಣ್ಣೆ, ಹತ್ತಿಗೆ ಹುಳದ ಎಣ್ಣೆ. ಔಷಧಿಗೆ ಇಲ್ಲಿ ಎಣ್ಣೆ ಅಂತಲೇ ಅನ್ನುವುದು. ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಡೆದವನ ಅಂಗಿ ಸಂಜೆಗೆ ತೊಯ್ದಿರುತ್ತದೆ, ಅದನ್ನು ಒಗೆಯುವವಳು ಅವನ ಹೆಂಡತಿ. ಎಕರೆಗೆ ಎಷ್ಟು ಎಣ್ಣೆ ಹೋಯಿತೆಂಬುದು ಅಂಗಡಿಯ ಉದ್ರಿ ಪುಸ್ತಕದಲ್ಲಿದೆ. ಅವರಿಬ್ಬರ ಮೈಗೆ ಎಷ್ಟು ಹೋಯಿತೆಂಬುದು ಎಲ್ಲೂ ಬರೆದಿಲ್ಲ.

ಬರೆದಿಡದಿದ್ದರೆ ಏನಾಗುತ್ತದೆಂದು ಕಾಸರಗೋಡಿನವರನ್ನು ಕೇಳಿ. ಅಲ್ಲಿಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ಇಪ್ಪತ್ತು ವರ್ಷಕ್ಕೂ ಹೆಚ್ಚು, 2000ದವರೆಗೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಅಲ್ಲಿಯ ಪಡ್ರೆ ಎಂಬ ಊರಿಗೆ ಬಂದು ಮಕ್ಕಳ ರಕ್ತ ತೆಗೆದದ್ದು 2001ರಲ್ಲಿ. ತಾಳೆ ನೋಡಲು ಹಳೆಯ ರಕ್ತ ಇರಲಿಲ್ಲ, ಬೇರೊಂದು ಊರಿನ ಮಕ್ಕಳನ್ನು ಹುಡುಕಬೇಕಾಯಿತು. ಸುಪ್ರೀಂ ಕೋರ್ಟಿನ ನಿಷೇಧ ಬರುವಾಗ 2011ರ ಮೇ. ಅಲ್ಲಿಯವರೆಗೆ ಹಾಸಿಗೆ ಹಿಡಿದ ಮಕ್ಕಳನ್ನು ತಾಯಂದಿರೇ ಎತ್ತಿ ತೋರಿಸಬೇಕಾಯಿತು. ಅದು ಯಾವ ತಾಯಿಗೂ ಬೇಡ.

ಅಳೆದು ಬರೆದಿಟ್ಟರೆ ಏನಾಗುತ್ತದೆಂಬುದನ್ನೂ ನೋಡಿ. ಅಮೆರಿಕದಲ್ಲಿ 1976ರಿಂದ 1980ರವರೆಗೆ ಜನರ ರಕ್ತದ ಸೀಸವನ್ನು ಅಳೆದಾಗ, ಪೆಟ್ರೋಲಿನ ಸೀಸ ಇಳಿದಂತೆ ಅದೂ ಇಳಿದದ್ದು ಕಂಡಿತು. ಜರ್ಮನಿಯವರು 1980ರ ದಶಕದಿಂದ ಜನರ ರಕ್ತ, ಮೂತ್ರವನ್ನು ದ್ರವ ಸಾರಜನಕದ ಚಳಿಯಲ್ಲಿ ಕಾದಿಟ್ಟಿದ್ದಾರೆ. ಹೊಸ ರಾಸಾಯನಿಕದ ಮೇಲೆ ಅನುಮಾನ ಬಂದರೆ ಹಳೆಯದನ್ನು ತೆಗೆದು ನೋಡುತ್ತಾರೆ. ನಮ್ಮಲ್ಲಿ ಜಾರ್ಜ್ ಫೌಂಡೇಶನ್ ಎಂಬ ಸಂಸ್ಥೆ 1997–99ರಲ್ಲಿ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಪರೀಕ್ಷಿಸಿದಾಗ, ಅರ್ಧಕ್ಕಿಂತ ಹೆಚ್ಚು ಮಕ್ಕಳ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿತ್ತು. 2000ದಲ್ಲಿ ಸೀಸದ ಪೆಟ್ರೋಲು ನಿಂತಿತು. ಆಮೇಲೆ ಎಷ್ಟು ಇಳಿಯಿತು? ಹೆದ್ದಾರಿಯ ಹೊಗೆ ಕುಡಿದು ಬೆಳೆದ ನಮಗೆ ಹೇಳುವವರಿಲ್ಲ.

ಹೀಗೆ ಅಳೆದು ಬರೆದಿಡುವುದು ನಿಮ್ಮಿಂದಾಗದ ಕೆಲಸವಲ್ಲ. 2016–18ರ ಪೋಷಣೆ ಸಮೀಕ್ಷೆಗೆ ನಿಮ್ಮ ಸಚಿವಾಲಯವೇ ದೇಶದುದ್ದಕ್ಕೂ ಮಕ್ಕಳ ರಕ್ತ, ಮೂತ್ರ ಸಂಗ್ರಹಿಸಿತ್ತು. ಅದೇ ದಾರಿಯಲ್ಲಿ ಐದು ವರ್ಷಕ್ಕೊಮ್ಮೆ ಸೀಸ, ಪಾದರಸ, ಕೀಟನಾಶಕ ಅಳೆಯಿರಿ. ಉಳಿದ ಮಾದರಿಯನ್ನು ಚೆಲ್ಲದೆ ಕಾದಿಡಿ. ಸರ್ಕಾರ ಬದಲಾದರೂ ನಿಲ್ಲದಂತೆ ಕಾಯ್ದೆ ಮಾಡಿ. ರಕ್ತ ಕೊಟ್ಟವರಿಗೆ ಅದರಲ್ಲಿ ಏನಿತ್ತೆಂದು ಅವರ ಭಾಷೆಯಲ್ಲಿ ಹೇಳಿ. ಇದನ್ನು ಮರೆಯಬೇಡಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಂಸ್ಥೆಯೊಂದು ಬೆಳಗಾವಿಯಲ್ಲೇ ಇದೆ. ಅಲ್ಲಿಂದ ನಮ್ಮೂರಿಗೆ ಬಸ್ಸಿನಲ್ಲಿ ಸುಮಾರು ಒಂದು ತಾಸು. ಅವರನ್ನು ಕಳಿಸಿಕೊಡಿ.

ಇಂತಿ,
ಎಂ.ಕೆ. ಹುಬ್ಬಳ್ಳಿಯ ಒಬ್ಬ ರೈತ