ಹಾಡಿನಲ್ಲಿ ಉಳಿದ ಪಾಠ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ 'ಸಾಂಗ್ ಸೈಕಲ್' ಎಂದರೆ ಬಿಡಿಯಾಗಿಯೂ ಹಾಡಬಹುದಾದ, ಆದರೆ ಗೊತ್ತಾದ ಕ್ರಮದಲ್ಲಿ ಒಟ್ಟಾಗಿ ಕೇಳಿದಾಗಲೇ ಪೂರ್ಣ ಅರ್ಥ ಬಿಟ್ಟುಕೊಡುವ ಗೀತೆಗಳ ಮಾಲೆ. ಕವಿತೆಯನ್ನು ಅರ್ಥೈಸುವ ಹೊಣೆ ಇಲ್ಲಿ ಕಂಠದ ಮೇಲಿರುವಷ್ಟೇ ಪಿಯಾನೊದ ಮೇಲೂ ಇರುತ್ತದೆ. ಅಮೆರಿಕದ ಸಂಯೋಜಕ ಆರನ್ ಕೋಪ್‌ಲಂಡ್ ಅವರ 'ಟ್ವೆಲ್ವ್ ಪೊಯೆಮ್ಸ್ ಆಫ್ ಎಮಿಲಿ ಡಿಕಿನ್ಸನ್' ಆಧುನಿಕ ಕಾಲದ ಇಂಥ ಮಾಲೆಗಳಲ್ಲಿ ಮುಖ್ಯವಾದುದು. 1950ರ ಮೇ 18ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಆಲಿಸ್ ಹೌಲಂಡ್ ಹಾಡಿ, ಸ್ವತಃ ಕೋಪ್‌ಲಂಡ್ ಪಿಯಾನೊ ನುಡಿಸಿ ಮೊದಲ ಬಾರಿಗೆ ಪ್ರಸ್ತುತಪಡಿಸಿದ ಈ ಕೃತಿಯ ಚರ್ಚೆ ಸಾಮಾನ್ಯವಾಗಿ ಸ್ವರ ಮತ್ತು ಭಾವಗಳ ಹೊಂದಾಣಿಕೆಗೇ ನಿಂತುಬಿಡುತ್ತದೆ. ಆದರೆ ಅದು ಎತ್ತುವ ಗ್ರಂಥಸಂಪಾದನೆಯ ಪ್ರಶ್ನೆಯೂ ಅಷ್ಟೇ ಗಂಭೀರವಾದುದು.

ಡಿಕಿನ್ಸನ್ 1886ರಲ್ಲಿ ತೀರಿಕೊಂಡಾಗ, ಅವರು ಬರೆದಿದ್ದ ಸುಮಾರು 1,800 ಕವಿತೆಗಳಲ್ಲಿ ಅಚ್ಚು ಕಂಡಿದ್ದವು ಹತ್ತರಷ್ಟು ಮಾತ್ರ. 1890ರಿಂದ ಸಂಕಲನಗಳನ್ನು ಹೊರತಂದ ಮೇಬಲ್ ಲೂಮಿಸ್ ಟಾಡ್ ಮತ್ತು ಥಾಮಸ್ ವೆಂಟ್‌ವರ್ತ್ ಹಿಗಿನ್ಸನ್ ಕವಯಿತ್ರಿಯ ಅಡ್ಡಗೆರೆಗಳನ್ನು ತೆಗೆದು, ಪ್ರಾಸ ಛಂದಸ್ಸುಗಳನ್ನು ತಿದ್ದಿ, ಕೆಲವಕ್ಕೆ ತಾವೇ ಶೀರ್ಷಿಕೆ ಇಟ್ಟರು. ಹಸ್ತಪ್ರತಿಗಳ ಪಾಠಕ್ಕೆ ನಿಷ್ಠವಾದ ಥಾಮಸ್ ಎಚ್. ಜಾನ್ಸನ್ ಅವರ ಆವೃತ್ತಿ ಬಂದದ್ದು 1955ರಲ್ಲಿ. ಅಷ್ಟರಲ್ಲಿ ಕೋಪ್‌ಲಂಡ್‌ರ ಮಾಲೆ ಮುಗಿದು ಐದು ವರ್ಷಗಳಾಗಿದ್ದವು.

ಈ ತಿದ್ದುಪಡಿಯ ಪರಿಣಾಮ ಎರಡು ಹಾಡುಗಳಲ್ಲಿ ಎದ್ದು ಕಾಣುತ್ತದೆ. ತಲೆಯೊಳಗೇ ನಡೆಯುವ ಶವಸಂಸ್ಕಾರವನ್ನು ಕುರಿತ ಒಂಬತ್ತನೆಯ ಹಾಡಿನಲ್ಲಿ ಎಡಗೈಯ ಮಂದ್ರ ಸ್ವರಗಳು ಬಿಡದೆ ಬಡಿಯುತ್ತವೆ. ಆದರೆ ಬುದ್ಧಿಯ ಹಲಗೆ ಮುರಿದು ನಿರೂಪಕಿ ಪಾತಾಳಕ್ಕೆ ಬೀಳುವ ಕೊನೆಯ ಪದ್ಯ ಹಳೆಯ ಮುದ್ರಣದಲ್ಲಿ ಇರಲಿಲ್ಲವಾದ್ದರಿಂದ ಹಾಡು ಆ ಪತನಕ್ಕೆ ಮುನ್ನವೇ, ಏಕಾಂತದಲ್ಲಿ ನಿಲ್ಲುತ್ತದೆ. ಸಾವು ಸಭ್ಯ ಸಾರಥಿಯಾಗಿ ಬರುವ ಕೊನೆಯ ಹಾಡು 'ದ ಚಾರಿಯಟ್' ಕೋಪ್‌ಲಂಡ್‌ರನ್ನು ಡಿಕಿನ್ಸನ್ ಕಡೆಗೆ ಮೊದಲು ಸೆಳೆದ ಕವಿತೆ. ಆರು ಪದ್ಯಗಳ ಅದರಲ್ಲಿ ನಾಲ್ಕನೆಯದನ್ನು, ಎಂದರೆ ಸೂರ್ಯ ಪಯಣಿಗರನ್ನು ದಾಟಿ ಮುನ್ನಡೆದು, ತೆಳು ಉಡುಪಿನ ನಿರೂಪಕಿಗೆ ಇಬ್ಬನಿಯ ಚಳಿ ತಾಕುವ ಭಾಗವನ್ನು, 1890ರ ಸಂಪಾದಕರು ಕೈಬಿಟ್ಟಿದ್ದರು. ನಿದ್ರೆಯನ್ನು ಕುರಿತ ಏಳನೆಯ ಹಾಡಿನಲ್ಲೇ ಕೇಳಿದ್ದ, ದೀರ್ಘ ಸ್ವರದ ಬೆನ್ನಿಗೆ ಹ್ರಸ್ವ ಸ್ವರ ಬರುವ ಲಯ ಇಲ್ಲಿ ಮರಳಿ ಬಂದು, ಗಾಡಿ ಆ ನಡುಕವಿಲ್ಲದೆ ಸಮಾಧಿಯತ್ತ ಸಾಗುತ್ತದೆ. ಈ ಮಾಲೆಯ ಸಾವು ಹಸ್ತಪ್ರತಿಯ ಸಾವಿಗಿಂತ ಸೌಮ್ಯವಾಗಿದೆಯೆಂದರೆ, ಅದರಲ್ಲಿ ಸಂಯೋಜಕರ ಮನೋಧರ್ಮದ ಜೊತೆಗೆ ಸಂಪಾದಕರ ಕತ್ತರಿಯ ಪಾಲೂ ಇದೆ.

ಹಾಗೆಂದು ಬಿಟ್ಟುಹೋದ ಪದ್ಯಗಳನ್ನು ಇಂದು ಹಾಡಿಗೆ ಸೇರಿಸುವುದು ಪರಿಹಾರವಾಗಲಾರದು. ಏಕೆಂದರೆ ಹಾಡಿನ ಬಂಧವೆಲ್ಲ ರೂಪುಗೊಂಡಿರುವುದು ಕೋಪ್‌ಲಂಡ್ ಓದಿದ ಪಾಠದ ಮೇಲೆ. ಕಾರ್ಯಕ್ರಮದ ಪುಸ್ತಿಕೆಗಳು ಆ ಪಾಠವನ್ನೇ ಅಚ್ಚುಹಾಕಿ, ಬಿಟ್ಟುಹೋದ ಪದ್ಯಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುವುದು ಸರಿಯಾದ ಕ್ರಮ. ಆಗ ಕವಿತೆ ಯಾವುದು, ಅದರ ಒಂದು ಕಾಲದ ಓದು ಯಾವುದು ಎಂಬುದನ್ನು ಕೇಳುಗರೇ ತೂಗಿ ನೋಡಬಲ್ಲರು.